ಕೇಳುವ ಪ್ರೇಕ್ಷಕರು: ತಾಳವಾಡಿ ಸೀಮೆಯ ಹಿರಿಯರು ಮತ್ತು ಸಣ್ಣ ಚಿತ್ರಮಂದಿರ

ಸಿನಿಮಾ ಅಧ್ಯಯನದಲ್ಲಿ ಬಳಕೆಯಾಗುವ ‘ಪ್ರೇಕ್ಷಕ’ ಎಂಬ ಪದಕ್ಕೆ ನೋಡುವವನು ಎಂದೇ ಅರ್ಥ. ಸಣ್ಣ ಊರಿನ ಚಿತ್ರಮಂದಿರದಲ್ಲಿ ಹಳೆಯ ಪೌರಾಣಿಕ ಚಿತ್ರವೊಂದಕ್ಕೆ ಸೇರಿದ ಹಿರಿಯರನ್ನು ಗಮನಿಸುವವರಿಗೆ ಈ ಪದ ಸಾಲದೆನಿಸುತ್ತದೆ. ತೆರೆಯ ಮೇಲಿನ ಪಾತ್ರ ಬಾಯಿ ತೆರೆಯುವ ಮೊದಲೇ ಅದರ ಮಾತು ಸಭೆಯ ಒಂದು ಮೂಲೆಯಿಂದ ಕೇಳಿಬರುತ್ತದೆ. ಪ್ರತಿಜ್ಞೆಯೋ ಶಾಪವೋ ಮುಗಿದಾಗ ಒಂದು ‘ಹೂಂ’ ಹೊರಡುತ್ತದೆ. ಅಜ್ಜಿಯೊಬ್ಬರು ಪಕ್ಕದ ಮಗುವಿಗೆ ಮುಂದಿನ ಕಥೆಯನ್ನು ಮೊದಲೇ ಹೇಳಿಬಿಡುತ್ತಾರೆ. ನಗರದ ಪ್ರೇಕ್ಷಕರಿಗೆ ಇದು ಗದ್ದಲ. ಇದನ್ನು ಒಂದು ಕೇಳುವ ಪದ್ಧತಿಯೆಂದು ಗ್ರಹಿಸಿದರೆ ಗಡಿನಾಡಿನ ಕನ್ನಡದ ಬಗೆಗೆ ಹೆಚ್ಚಿನ ತಿಳಿವು ದೊರೆಯುತ್ತದೆ.

ಜೀರಹಳ್ಳಿಯಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಮಾತಿನ ಹಿನ್ನೆಲೆ ಸ್ಪಷ್ಟವಾಗುತ್ತದೆ. ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಈ ಊರಿನ ಹೆಸರು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೂ ಇದೆ. ಇಲ್ಲಿಂದ ತಮಿಳುನಾಡಿನ ಬಯಲಿಗೆ ಇಳಿಯಬೇಕಾದರೆ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಹಾಯಬೇಕು. ಕನ್ನಡ ಚಿತ್ರ ನೋಡಬೇಕಾದರೆ ಗಡಿಯಾಚೆಯ ಚಾಮರಾಜನಗರದ ಕಡೆಗೆ ಮುಖ ಮಾಡಬೇಕು. ಆನೆಗಳು ದಾರಿಗಿಳಿಯುವ ಸೀಮೆಯಲ್ಲಿ ‘ಎರಡನೆಯ ಆಟ’ಕ್ಕೆ ಹೋಗಿ ನಡುರಾತ್ರಿ ಮನೆಗೆ ಮರಳುವುದು ಸುಲಭದ ಮಾತಲ್ಲ. ಇಂಥ ಕಡೆ ಸಿನಿಮಾ ನಿತ್ಯದ ಬಳಕೆಯ ವಸ್ತುವಾಗುವುದಿಲ್ಲ. ಹೊತ್ತು, ಹಣ, ಜೊತೆ ಮೂರನ್ನೂ ಹೊಂದಿಸಿಕೊಂಡು ಹೋಗುವ ಜಾತ್ರೆಯಂಥ ಸಂಗತಿಯಾಗುತ್ತದೆ. ಹೀಗೆ ಅಪರೂಪಕ್ಕೆ ಕಿವಿಗೆ ಬಿದ್ದ ಮಾತು ಬಹುಕಾಲ ನೆನಪಿನಲ್ಲಿ ಉಳಿಯುತ್ತದೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರೇ ಹೆಚ್ಚಾಗಿದ್ದ ತಾಳವಾಡಿ ಸೀಮೆ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಕನ್ನಡ ಮನೆಯ, ಹೊಲದ, ದೇವರ ಭಾಷೆಯಾಗಿ ಮುಂದುವರಿದರೆ ಕಚೇರಿಯ ಭಾಷೆ ತಮಿಳಾಯಿತು. ಕನ್ನಡ ಮಾಧ್ಯಮದ ಶಾಲೆಗಳಿದ್ದರೂ ಹಿರಿಯ ತಲೆಮಾರಿನ ಹಲವರಿಗೆ, ಅದರಲ್ಲೂ ಹೆಂಗಸರಿಗೆ, ಓದು ದಕ್ಕಿದ್ದು ಕಡಿಮೆ. ಮನೆಮಾತಿನಾಚೆಯ ಕನ್ನಡ, ಎಂದರೆ ಅರಸರು ಅಪ್ಪಣೆ ಕೊಡುವ, ಋಷಿಗಳು ಶಪಿಸುವ, ಭಕ್ತರು ಮೊರೆಯಿಡುವ ಗ್ರಾಂಥಿಕ ಕನ್ನಡ, ಪುಸ್ತಕದ ಮೂಲಕ ಇವರನ್ನು ತಲುಪುವಂತಿರಲಿಲ್ಲ. ಅದನ್ನು ತಂದವು ಹಾಡುಗಥೆ, ನಾಟಕ ಮತ್ತು ಸಿನಿಮಾ.

ಈ ದಾರಿಯ ಬಹುದೊಡ್ಡ ಉದಾಹರಣೆ ಈ ಸೀಮೆಯಲ್ಲಿಯೇ ಹುಟ್ಟಿತು. 1929ರಲ್ಲಿ ಗಾಜನೂರಿನಲ್ಲಿ ಜನಿಸಿದ ರಾಜಕುಮಾರ್ ಎಳವೆಯಲ್ಲಿಯೇ ಶಾಲೆ ಬಿಟ್ಟು, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿಂದೆ ನಾಟಕ ಕಂಪನಿಯನ್ನು ಸೇರಿದರು. ಗುಬ್ಬಿ ಕಂಪನಿಯ ಪರಂಪರೆಯಿಂದ ಬಂದು, ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ (1954) ಚಿತ್ರದಲ್ಲಿ ನಾಯಕರಾದರು. ಮುಂದೆ ಶುದ್ಧ ಉಚ್ಚಾರಣೆಯ ಮಾದರಿಯೆಂದು ನಾಡೇ ಒಪ್ಪಿದ ಆ ಕನ್ನಡ ರೂಪುಗೊಂಡದ್ದು ತರಗತಿಗಿಂತ ಹೆಚ್ಚಾಗಿ ರಂಗದ ಮೇಲೆ, ಕೇಳಿ ಕಲಿತು. ಸಭೆಯಲ್ಲಿ ಕುಳಿತ ಹಿರಿಯರು ಆ ಮಾತನ್ನು ಪಡೆದುಕೊಂಡದ್ದೂ ಕಿವಿಯಿಂದಲೇ. ನಟ ಮತ್ತು ಕೇಳುಗರ ನಡುವಿನ ನಂಟನ್ನು ಬರಿಯ ತಾರಾಭಿಮಾನವೆಂದು ಕರೆದರೆ ಈ ಸಮಾನ ಕಲಿಕೆ ಮರೆಯಾಗುತ್ತದೆ.

ಸಭೆಯ ‘ಹೂಂ’ಗೂ ಹೀಗೆಯೇ ಹಿಂದಣ ಬೇರುಗಳಿವೆ. ಮಲೆಮಹದೇಶ್ವರನ ಕಾವ್ಯವನ್ನು ಹಾಡುವ ದೇವರಗುಡ್ಡರು, ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು ಈ ದಕ್ಷಿಣ ಸೀಮೆಯವರು. ಮುಖ್ಯ ಹಾಡುಗಾರನ ಮಾತಿಗೆ ಹಿಮ್ಮೇಳದವರು ಸೊಲ್ಲು ಸೇರಿಸುವ ಆ ಪರಂಪರೆಗಳಲ್ಲಿ ಸುಮ್ಮನೆ ಕೂತ ಕೇಳುಗನಿಗೆ ಮನ್ನಣೆ ಕಡಿಮೆ. ಹೂಂಗುಡುವವರಿದ್ದರೇ ಕಥೆ ಮುಂದೆ ಸಾಗುತ್ತದೆ. ಅಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತಿರುತ್ತದೆ. ಕುತೂಹಲ ನಿಲ್ಲುವುದು ಗೊತ್ತಿರುವುದನ್ನು ಈ ಸಲ ಹೇಗೆ ಹೇಳುತ್ತಾರೆ ಎಂಬಲ್ಲಿ. ಅಜ್ಜಿ ಮುಂದಿನ ಕಥೆಯನ್ನು ಮಗುವಿಗೆ ಹೇಳಿಬಿಟ್ಟರೂ ಆಕೆಯ ರಸಕ್ಕೆ ಭಂಗ ಬಾರದಿರುವುದು ಈ ಕಾರಣದಿಂದ.

ಹಳೆಯ ಟೆಂಟ್ ಸಿನಿಮಾದ ಯಂತ್ರವ್ಯವಸ್ಥೆಯೂ ಈ ಪದ್ಧತಿಗೆ ಒದಗಿಬಂತು. ಒಂದೇ ಪ್ರೊಜೆಕ್ಟರ್ ಇದ್ದ ಟೂರಿಂಗ್ ಟಾಕೀಸುಗಳಲ್ಲಿ ರೀಲು ಬದಲಿಸಲು ಆಟವನ್ನು ನಿಲ್ಲಿಸಿ ದೀಪ ಹಾಕಬೇಕಾಗುತ್ತಿತ್ತು. ಒಂದು ಆಟಕ್ಕೆ ಒಂದರ ಬದಲು ಹಲವು ವಿರಾಮಗಳು ದೊರೆಯುತ್ತಿದ್ದವು. ನೆಲ, ಬೆಂಚು, ಕುರ್ಚಿ ಎಂದು ವಿಂಗಡವಾದ ಸಭೆಯಲ್ಲಿ, ವಿಶೇಷವಾಗಿ ನೆಲದ ಮೇಲೆ ಒತ್ತಾಗಿ ಕೂತವರ ನಡುವೆ, ಆಗ ಅರ್ಥವಾಗದ ಪದ ವಿವರಣೆ ಪಡೆಯುತ್ತಿತ್ತು, ಪಾತ್ರಗಳ ನ್ಯಾಯಾನ್ಯಾಯ ತೀರ್ಮಾನವಾಗುತ್ತಿತ್ತು. ಗ್ರಾಂಥಿಕ ಕನ್ನಡದ ಅರ್ಥವಿವರಣೆಗೆ ಈ ವಿರಾಮ ಒಂದು ತರಗತಿಯಂತಿತ್ತು. ಡಿಜಿಟಲ್ ಪ್ರದರ್ಶನದಲ್ಲಿ ಆ ಬಿಡುವು ಉಳಿದಿಲ್ಲ.

ದ್ವಿಭಾಷಿಕ ಸೀಮೆಯ ಕಿವಿ ಒಂದು ಹೆಚ್ಚಿನ ಹೋಲಿಕೆಗೂ ಸಜ್ಜಾಗಿರುತ್ತದೆ. ಬಿ.ಆರ್. ಪಂತುಲು 1959ರಲ್ಲಿ ತಮಿಳಿನ ‘ವೀರಪಾಂಡಿಯ ಕಟ್ಟಬೊಮ್ಮನ್’, 1961ರಲ್ಲಿ ಕನ್ನಡದ ‘ಕಿತ್ತೂರು ಚೆನ್ನಮ್ಮ’ ಚಿತ್ರಗಳನ್ನು ನಿರ್ದೇಶಿಸಿದರು. ಒಂದರಲ್ಲಿ 1799ರಲ್ಲಿ ಗಲ್ಲಿಗೇರಿದ ಪಾಳೆಯಗಾರ, ಇನ್ನೊಂದರಲ್ಲಿ 1824ರಲ್ಲಿ ಹೋರಾಡಿದ ರಾಣಿ. ಕಂಪನಿ ಸರ್ಕಾರಕ್ಕೆ ತಲೆಬಾಗದ ಮಾತಿನ ಗತ್ತು ಎರಡಕ್ಕೂ ಸಮಾನ. ಶಿವಾಜಿ ಗಣೇಶನ್ ಮತ್ತು ಬಿ. ಸರೋಜಾದೇವಿ ಅದನ್ನು ಎರಡು ಭಾಷೆಗಳ ಲಯದಲ್ಲಿ ನುಡಿದರು. ‘ಕಸ್ತೂರಿ ನಿವಾಸ’ (1971) ತಮಿಳಿನಲ್ಲಿ ‘ಅವನ್‌ದಾನ್ ಮನಿದನ್’ (1975) ಆಯಿತು. ರಾಜಕುಮಾರ್ ನುಂಗಿಕೊಂಡ ದುಃಖವನ್ನು ಅಲ್ಲಿ ಶಿವಾಜಿ ಬೇರೆ ಬಗೆಯಲ್ಲಿ ಹೊರಗಿಟ್ಟರು. ಭಾಷಾಂತರವಿಲ್ಲದೆ ಎರಡನ್ನೂ ಕೇಳಿ ತೂಗಬಲ್ಲವರು ತಾಳವಾಡಿಯಂಥ ಕಡೆ ಸಾಮಾನ್ಯ ಜನರು. ತೌಲನಿಕ ಸಾಹಿತ್ಯದ ವಿದ್ವಾಂಸರು ದುಡಿದು ಗಳಿಸುವ ಈ ಸಾಮರ್ಥ್ಯ ಇಲ್ಲಿ ಬದುಕಿನ ಭಾಗವಾಗಿಯೇ ಬಂದಿದೆ.

ಈಗ ಇದನ್ನು ದಾಖಲಿಸುವ ತುರ್ತು ಇದೆ. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯಗೊಳಿಸಿದ ಮೇಲೆ ಗಡಿಯ ಕನ್ನಡದ ಚರ್ಚೆ ಬಹುಪಾಲು ಶಾಲೆ ಮತ್ತು ಲಿಪಿಯ ಸುತ್ತ ನಡೆದಿದೆ. ಆ ಚರ್ಚೆ ಅಗತ್ಯವಾದದ್ದೇ. ಆದರೆ ಲಿಪಿಯ ಹಂಗಿಲ್ಲದೆ ಗ್ರಾಂಥಿಕ ಕನ್ನಡವನ್ನು ಉಳಿಸಿಕೊಂಡ ತಲೆಮಾರು ಸದ್ದಿಲ್ಲದೆ ಮುಗಿಯುತ್ತಿರುವುದು ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಚಿತ್ರಗಳು ಮೊಬೈಲಿನಲ್ಲಿ ದೊರೆಯುತ್ತವೆ; ಅವುಗಳಿಗೆ ಒಟ್ಟಾಗಿ ಉತ್ತರಿಸುವ ಸಭೆ ಅಲ್ಲಿ ದೊರೆಯುವುದಿಲ್ಲ.

ಕ್ಷೇತ್ರಕಾರ್ಯ ಕೈಗೊಳ್ಳುವವರು ಊರವರ ಒಪ್ಪಿಗೆ ಪಡೆದು, ಊರಿನ ಬಯಲಿನಲ್ಲಿಯೇ ಹಗಲು ಕಂತುವ ಹೊತ್ತಿಗೆ ಹಳೆಯ ಚಿತ್ರವೊಂದನ್ನು ತೋರಿಸಿ, ಧ್ವನಿಗ್ರಹಣ ಯಂತ್ರವನ್ನು ತೆರೆಯ ಕಡೆಗೆ ಹಿಡಿಯದೆ ಸಭೆಯ ಕಡೆಗೆ ಹಿಡಿಯಬಹುದು. ಯಾವ ಮಾತನ್ನು ಯಾರು ಮೊದಲು ಆಡಿದರು, ಯಾವ ಪದಕ್ಕೆ ಅರ್ಥ ಕೇಳಿದರು, ವಿವರಣೆ ಯಾವಾಗ ಕನ್ನಡದಲ್ಲಿ, ಯಾವಾಗ ತಮಿಳಿನಲ್ಲಿ ಬಂತು, ‘ಹೂಂ’ ಎಲ್ಲಿ ಬಿತ್ತು ಎಂಬುದನ್ನು ಗುರುತಿಸಬಹುದು. ಪ್ರಶ್ನಾವಳಿಗೆ ‘ನಮಗೇನು ಗೊತ್ತು, ಓದಿದವರಲ್ಲ’ ಎಂದು ಹಿಂಜರಿಯುವ ಹಿರಿಯರು ಸಭೆಯಲ್ಲಿ ಕೂತಾಗ ಎಷ್ಟು ಬಲ್ಲರು ಎಂಬುದು ಆ ಧ್ವನಿಮುದ್ರಣದಲ್ಲಿ ಕೇಳಿಸುತ್ತದೆ.