ಸೋತಿದ್ದು ನಾನಾ, ಆ ಗುಡ್ಡವಾ?

ಇಂಟರ್ನಲ್ಸ್‌ಗೆ ಎರಡೇ ದಿನ ಬಾಕಿ. ಹಾಸ್ಟೆಲ್‌ನಲ್ಲಿ ರಾತ್ರಿ ಒಂದೂವರೆ ಗಂಟೆ. ಓದಬೇಕಿದ್ದ ನಾನು ಲ್ಯಾಪ್‌ಟಾಪ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ‘ಫುಟ್‌ಬಾಲ್ ಮ್ಯಾನೇಜರ್’ ಆಟದಲ್ಲಿ ನನ್ನ ಬ್ರೆಜಿಲ್ ಕ್ಲಬ್ ಬೊಲಿವಿಯಾದ ಲಾ ಪಾಜ್‌ಗೆ ಹೋಗಿ 3–0 ಅಂತರದಲ್ಲಿ ಸೋತಿತ್ತು.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ನಾವು ಚೆಂಡು ಒದೆಯುವುದಿಲ್ಲ. ಆಟಗಾರರನ್ನು ಕೊಳ್ಳುವುದು, ಹನ್ನೊಂದು ಮಂದಿಯನ್ನು ಆರಿಸುವುದು, ತಂತ್ರ ಹೆಣೆಯುವುದು ನಮ್ಮ ಕೆಲಸ. ಓಟ, ಪಾಸ್, ಧೈರ್ಯ, ಏಕಾಗ್ರತೆ ಎಲ್ಲಕ್ಕೂ 1ರಿಂದ 20ರವರೆಗೆ ಅಂಕ ಇರುತ್ತದೆ. ಆ ಅಂಕ ನೋಡಿಯೇ ಯಾರು ಒಳಗೆ, ಯಾರು ಬೆಂಚಿಗೆ ಎಂದು ತೀರ್ಮಾನಿಸಬೇಕು.

‘ಎಲ್ಲಾ ಎತ್ತರದ ಆಟ ಕಣೋ. 3,600 ಮೀಟರ್! ಉಸಿರಾಡೋಕೇ ಗಾಳಿ ಇಲ್ಲ’ ಎಂದು ಗೊಣಗಿದೆ. ಪಕ್ಕದ ಮಂಚದಲ್ಲಿ ಓದುತ್ತಿದ್ದ ರೂಮ್‌ಮೇಟ್ ಪುಸ್ತಕದಿಂದ ತಲೆ ಎತ್ತದೆಯೇ ಕೇಳಿದ: ‘ಸೋತವ ನೀನು, ಗುಡ್ಡಕ್ಕ ಯಾಕ ಬೈತಿ? ನಿನ್ನ ಲ್ಯಾಪ್‌ಟಾಪ್‌ನ್ಯಾಗ ಗಾಳಿ ಎಲ್ಲೈತಿ?’

ಅವನು ರಾಯಚೂರು ಕಡೆಯ ಹಳ್ಳಿಯವನು. ಆ ಪ್ರಶ್ನೆ ಮಾತ್ರ ನನ್ನ ನಿದ್ದೆ ಕೆಡಿಸಿತು.

ನಿಜವಾದ ಮೈದಾನದಲ್ಲಿ ಎತ್ತರದ ಕಾಟ ಸುಳ್ಳಲ್ಲ. ಲಾ ಪಾಜ್‌ನ ಹೆರ್ನಾಂಡೊ ಸಿಲೆಸ್ ಕ್ರೀಡಾಂಗಣ ಸಮುದ್ರಮಟ್ಟದಿಂದ 3,600 ಮೀಟರ್‌ಗೂ ಮೇಲಿದೆ. ಅಲ್ಲಿ ವಾಯುಭಾರ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಚೆಂಡಿಗೂ ಇದರ ಬಿಸಿ ತಟ್ಟುತ್ತದೆ. ಗಾಳಿ ತೆಳುವಾದ್ದರಿಂದ ತಡೆ ಕಡಿಮೆ, ಚೆಂಡು ಹೆಚ್ಚು ದೂರ ಹಾರುತ್ತದೆ. ಆದರೆ ಗಾಳಿಯಲ್ಲಿ ತಿರುಗಬೇಕಾದಷ್ಟು ತಿರುಗುವುದಿಲ್ಲ. ಕೆಳಗಿನ ಊರಲ್ಲಿ ಅಭ್ಯಾಸ ಮಾಡಿ ಬಂದ ಗೋಲ್‌ಕೀಪರ್‌ನ ಲೆಕ್ಕವೆಲ್ಲ ತಪ್ಪುತ್ತದೆ.

2007ರಲ್ಲಿ ಫಿಫಾ 2,500 ಮೀಟರ್‌ಗಿಂತ ಎತ್ತರದಲ್ಲಿ ಅಂತರರಾಷ್ಟ್ರೀಯ ಪಂದ್ಯಗಳೇ ಬೇಡ ಎಂದಿತು. ಬೊಲಿವಿಯಾ ಸಿಡಿದೆದ್ದಿತು. ಅಧ್ಯಕ್ಷ ಎವೊ ಮೊರಾಲೆಸ್ ಸಜಾಮ ಪರ್ವತದ ಮೇಲೆ, ಸುಮಾರು 6,000 ಮೀಟರ್ ಎತ್ತರದಲ್ಲಿ ಫುಟ್‌ಬಾಲ್ ಆಡಿ ಪ್ರತಿಭಟಿಸಿದರು. 2008ರಲ್ಲಿ ಮರಡೋನಾ ಕೂಡ ಲಾ ಪಾಜ್‌ಗೆ ಹೋಗಿ, ಪ್ರದರ್ಶನ ಪಂದ್ಯ ಆಡಿ ಬೆಂಬಲ ಕೊಟ್ಟರು. ಅದೇ ವರ್ಷ ಫಿಫಾ ಹಿಂದೆ ಸರಿಯಿತು. ತಮಾಷೆ ನೋಡಿ, 2009ರ ಏಪ್ರಿಲ್ 1ರಂದು ಅದೇ ಮರಡೋನಾ ಅರ್ಜೆಂಟೀನಾದ ಕೋಚ್ ಆಗಿ ಅದೇ ಮೈದಾನಕ್ಕೆ ಬಂದರು. ತಂಡದಲ್ಲಿ ಮೆಸ್ಸಿಯೂ ಇದ್ದರು. ಸೋತಿದ್ದು 6–1ರಿಂದ!

ಇದಕ್ಕೆ ಲೆಕ್ಕವನ್ನೂ ಹಾಕಿದ್ದಾರೆ. ಆಕ್ಸ್‌ಫರ್ಡ್‌ನ ಪ್ಯಾಟ್ರಿಕ್ ಮೆಕ್‌ಶ್ಯಾರಿ ದಕ್ಷಿಣ ಅಮೆರಿಕದ 10 ದೇಶಗಳ ನಡುವಿನ 1,460 ಪಂದ್ಯಗಳನ್ನು ಜಾಲಾಡಿ 2007ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದರು. ಎರಡೂ ತಂಡಗಳು ಒಂದೇ ಎತ್ತರದವಾದರೆ ಆತಿಥೇಯರ ಗೆಲುವಿನ ಸಂಭವ ಶೇ 53.7. ಎತ್ತರದ ಅಂತರ 3,695 ಮೀಟರ್ ಇದ್ದರೆ ಅದು ಶೇ 82.5ಕ್ಕೆ ಏರುತ್ತದೆ. ಪ್ರತಿ 1,000 ಮೀಟರ್ ಅಂತರಕ್ಕೆ ಸುಮಾರು ಅರ್ಧ ಗೋಲಿನ ಲಾಭ!

‘ನೋಡು, ಗುಡ್ಡದ್ದೇ ತಪ್ಪು’ ಎಂದು ಬೀಗಿದೆ. ರೂಮ್‌ಮೇಟ್ ಒಪ್ಪಲಿಲ್ಲ. ಅವನ ವಾದ ಇಷ್ಟು: ನಿಜವಾದ ಗುಡ್ಡದಲ್ಲಿ ಗಾಳಿ ಕಡಿಮೆ ಇರುವುದು ಪ್ರಕೃತಿ. ಆಟದೊಳಗಿನ ಗುಡ್ಡದಲ್ಲಿ ಯಾರಾದರೂ ಕೋಡ್ ಬರೆದರೆ ಮಾತ್ರ ಗಾಳಿ ಕಡಿಮೆಯಾಗುತ್ತದೆ.

ಸರಿಯೇ. ಪಂದ್ಯಕ್ಕೆ ಮುನ್ನ ಹವಾಮಾನ, ತಾಪಮಾನ ತೋರಿಸುತ್ತಾರೆ. ಪರದೆಯಲ್ಲಿ ಮಳೆ ಸುರಿಯುತ್ತದೆ, ಹಿಮ ಬೀಳುತ್ತದೆ. ಆದರೆ ಕಾಣುವುದು ಬೇರೆ, ಲೆಕ್ಕಕ್ಕೆ ಬರುವುದು ಬೇರೆ. ಒಳಗಿನ ಕೋಡ್ ನಮಗೆ ಕಾಣದು. ಹಾಗಾಗಿ ಪರೀಕ್ಷೆ ಮಾಡಿದೆ. ಪಂದ್ಯಕ್ಕೆ ಮೊದಲೇ ಸೇವ್ ಮಾಡಿಟ್ಟು ಮತ್ತೆ ಮತ್ತೆ ಆಡಿದೆ. ಒಮ್ಮೆ ಗೆದ್ದೆ, ಒಮ್ಮೆ ಡ್ರಾ, ಮತ್ತೊಮ್ಮೆ ಸೋತೆ. ‘ಐದು ಮ್ಯಾಚ್ ಆಡಿ ಏನೂ ಹೇಳಾಕಾಗಂಗಿಲ್ಲ. ಅದೇ ತಂಡ, ಅದೇ ಹನ್ನೊಂದು ಮಂದಿ ಇರಬೇಕು. ಊರೊಂದೇ ಬದಲಾಗಬೇಕು. ಹಂಗ ನೂರು ಸಲ ಆಡ್ಸು’ ಎಂದ. ಸಂಖ್ಯಾಶಾಸ್ತ್ರದ ಮೇಷ್ಟ್ರು ಒಂದು ಸೆಮಿಸ್ಟರ್‌ನಲ್ಲಿ ಹೇಳಿದ್ದನ್ನು ಅವನು ಒಂದು ನಿಮಿಷದಲ್ಲಿ ಹೇಳಿಬಿಟ್ಟಿದ್ದ.

ನೂರು ಸಲ ಆಡಲು ಯಾರಿಗೆ ತಾಳ್ಮೆ? ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಕೂತು ಪೈಥಾನ್‌ನಲ್ಲಿ ನಮ್ಮದೇ ಪುಟ್ಟ ಆಟ ಬರೆದೆವು. ಗೋಲುಗಳಿಗೆ ಪಾಯ್ಸನ್ ಹಂಚಿಕೆ ಬಳಸೋಣ ಎಂದು ಸೂಚಿಸಿದ್ದೂ, ಬಿಡಿಸಿ ಹೇಳಿದ್ದೂ ಅವನೇ. ಮೊದಲು ಎತ್ತರವನ್ನು ಬಿಟ್ಟು ಓಡಿಸಿದೆವು. ಬಲಿಷ್ಠ ತಂಡ ಎಲ್ಲ ಊರಲ್ಲೂ ಒಂದೇ ಥರ ಗೆದ್ದಿತು. ಆಮೇಲೆ 1,000 ಮೀಟರ್‌ಗೆ ಅರ್ಧ ಗೋಲು ಎಂಬ ಒಂದೇ ಒಂದು ಸಾಲು ಸೇರಿಸಿದೆವು. ಆಟಗಾರರ ಅಂಕ ಒಂದೂ ಬದಲಾಗಿಲ್ಲ. ಆದರೆ ಗುಡ್ಡದ ಮೇಲೆ ಆ ಬಲಿಷ್ಠ ತಂಡವೇ ಏದುಸಿರು ಬಿಡತೊಡಗಿತು.

ಆ ಪರದೆ ನೋಡುತ್ತಾ ನನಗೆ ಬೇರೆಯದೇ ನೆನಪಾಯಿತು.

ಮೂರನೇ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ನಾಲ್ವರ ತಂಡ ಕಟ್ಟಬೇಕಿತ್ತು. ನಾನು ಸಿಜಿಪಿಎ ಪಟ್ಟಿ ಇಟ್ಟುಕೊಂಡು ಥೇಟ್ ಮ್ಯಾನೇಜರ್‌ನಂತೆ ಆಯ್ಕೆ ಮಾಡಿದೆ. ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಇವನನ್ನು ಕೈಬಿಟ್ಟೆ. ಅಂಕ ಕಡಿಮೆ, ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಪಿಯುಸಿಯವರೆಗೂ ಕನ್ನಡದಲ್ಲೇ ಪಾಠ ಕೇಳಿದ್ದ ಹುಡುಗ, ಮೊದಲ ವರ್ಷ ಪ್ರತಿ ಸಾಲನ್ನೂ ತಲೆಯಲ್ಲಿ ಎರಡು ಸಲ ಓದುತ್ತಿದ್ದ. ನಾನು ನಗರದ ಇಂಗ್ಲಿಷ್ ಶಾಲೆಯಿಂದ ಬಂದವನು. ನನಗದು ತವರು ಮೈದಾನ, ಅವನಿಗೆ ಲಾ ಪಾಜ್. ನಾನು ಅಂಕ ನೋಡಿದೆ, ಎತ್ತರ ನೋಡಲಿಲ್ಲ. ಅವನು ಆಗ ಏನೂ ಅನ್ನಲಿಲ್ಲ.

ಎತ್ತರಕ್ಕೆ ದೇಹ ಹೊಂದಿಕೊಳ್ಳಲು ವಾರಗಳೇ ಬೇಕು. ಮೂತ್ರಪಿಂಡಗಳಿಂದ ಒಂದು ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗಿ, ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಇವನು ಹೊಂದಿಕೊಳ್ಳಲು ಎರಡು ಸೆಮಿಸ್ಟರ್ ಹಿಡಿಯಿತು. ಈಗ ಐದನೇ ಸೆಮಿಸ್ಟರ್‌ನಲ್ಲಿ ನಾನೇ ಅವನ ಬಳಿ ಡೌಟ್ ಕೇಳುತ್ತೇನೆ.

ಹಾಗೆಂದು ಎಲ್ಲ ಸೋಲಿಗೂ ಗುಡ್ಡವೇ ಕಾರಣವಲ್ಲ. 2022ರಲ್ಲಿ ಬ್ರೆಜಿಲ್ ಲಾ ಪಾಜ್‌ನಲ್ಲೇ 4–0, 2023ರಲ್ಲಿ ಅರ್ಜೆಂಟೀನಾ 3–0ರಿಂದ ಗೆದ್ದು ಬಂದಿವೆ. ಹವಾಮಾನವನ್ನೇ ಅಸ್ತ್ರ ಮಾಡಿಕೊಂಡವರೂ ಇದ್ದಾರೆ. 2014ರ ವಿಶ್ವಕಪ್‌ನಲ್ಲಿ ಫೋರ್ಟಲೆಜಾದ ಬಿಸಿಲಿಗೆ ಪಂದ್ಯದ ಮಧ್ಯೆ ನೀರಿನ ವಿರಾಮ ಕೊಟ್ಟಾಗ, ಮೆಕ್ಸಿಕೊ ವಿರುದ್ಧ ಹಿಂದಿದ್ದ ನೆದರ್ಲೆಂಡ್ಸ್‌ನ ಕೋಚ್ ಲೂಯಿಸ್ ವಾನ್ ಗಾಲ್ ಅದನ್ನೇ ತಂತ್ರ ಬದಲಿಸಲು ಬಳಸಿಕೊಂಡರು. ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಬಿದ್ದು ತಂಡ 2–1ರಿಂದ ಗೆದ್ದಿತು. ಇತ್ತ ಬೊಲಿವಿಯಾ 2024ರಲ್ಲಿ ಇನ್ನೂ ಮೇಲೇರಿ, 4,000 ಮೀಟರ್‌ಗೂ ಎತ್ತರದ ಎಲ್ ಆಲ್ಟೊಗೆ ಪಂದ್ಯಗಳನ್ನು ಒಯ್ದಿತು. 2025ರಲ್ಲಿ ಅಲ್ಲಿ ಬ್ರೆಜಿಲ್ ಅನ್ನೇ 1–0ರಿಂದ ಸೋಲಿಸಿತು. ಆದರೆ ಅದೇ ತಂಡ 2024ರಲ್ಲಿ ಅರ್ಜೆಂಟೀನಾಕ್ಕೆ ಇಳಿದು ಹೋದಾಗ 6–0ರಿಂದ ಸೋತಿತ್ತು. ಗುಡ್ಡ ಒಂದು ಊರಲ್ಲಿ ಕೈಹಿಡಿಯಬಹುದು, ಎಲ್ಲ ಕಡೆ ಬೆನ್ನಿಗೆ ಬರುವುದಿಲ್ಲ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಮೂರನೇ ಸೆಮಿಸ್ಟರ್‌ನ ಗಣಿತ ನನಗಿನ್ನೂ ಬಾಕಿ ಇದೆ. ಪೇಪರ್ ಕಷ್ಟ ಇತ್ತು, ಜ್ವರ ಇತ್ತು, ಪಕ್ಕದ ಬೀದಿಯಲ್ಲಿ ಆರ್ಕೆಸ್ಟ್ರಾ ಇತ್ತು ಎಂದು ಮನೆಯಲ್ಲಿ ಹೇಳಿದ್ದೆ. ಅದು ಎತ್ತರವಲ್ಲ, ನೆಪ. ನಾನು ಓದಿರಲಿಲ್ಲ, ಅಷ್ಟೇ. ಎರಡಕ್ಕೂ ವ್ಯತ್ಯಾಸ ತಿಳಿಯಲು ರೂಮ್‌ಮೇಟ್ ಹೇಳಿದ ಪರೀಕ್ಷೆಯೇ ಸಾಕು: ಊರೊಂದನ್ನು ಬದಲಿಸಿ ನೋಡು, ಫಲಿತಾಂಶ ಬದಲಾಗುತ್ತದೆಯೇ? ನನ್ನನ್ನು ಯಾವ ಊರಲ್ಲಿ ಕೂರಿಸಿ ಪರೀಕ್ಷೆ ಬರೆಸಿದ್ದರೂ ಆ ದಿನ ನಾನು ಫೇಲೇ.

ಮುಂದಿನ ವರ್ಷ ನಮ್ಮದು ಕ್ಯಾಂಪಸ್ ಸಂದರ್ಶನಗಳ ಕಾಲ. ಅಲ್ಲೂ ಮೊದಲು ನೋಡುವುದು ಅಂಕದ ಪಟ್ಟಿಯನ್ನೇ. ಯಾರು ಎಷ್ಟು ಮೀಟರ್ ಏರಿ ಬಂದರು ಎಂಬ ಕಾಲಂ ಅದರಲ್ಲಿ ಇರುವುದಿಲ್ಲ.

ಕಳೆದ ವಾರ ಅಂತಿಮ ವರ್ಷದ ಪ್ರಾಜೆಕ್ಟ್ ತಂಡಗಳ ಮಾತು ಶುರುವಾಯಿತು. ಧೈರ್ಯ ಮಾಡಿ ‘ನಮ್ಮ ತಂಡಕ್ಕೆ ಬಾರೋ’ ಎಂದು ಕರೆದೆ. ಅವನು ನಕ್ಕ. ಮೂರನೇ ಸೆಮಿಸ್ಟರ್‌ನಲ್ಲಿ ತನ್ನನ್ನು ಸೇರಿಸಿಕೊಂಡವರ ಜೊತೆಗೇ ಇರುತ್ತೇನೆಂದು ಮಾತು ಕೊಟ್ಟಾಗಿದೆಯಂತೆ.

‘ಬೇಜಾರಾಗಬ್ಯಾಡ ಲೇ, ಗಣಿತ ಹೇಳಿಕೊಡ್ತೀನಿ ಬಾ. ಈ ಸಲ ಗುಡ್ಡಕ್ಕ ಬೈಯಂಗಿಲ್ಲ, ಮತ್ತ’ ಎಂದ.

ಲ್ಯಾಪ್‌ಟಾಪ್ ಮುಚ್ಚಿ ಪುಸ್ತಕ ತೆಗೆದೆ.