ಕೆಂಪು ಪೆನ್ನು ಪಕ್ಕಕ್ಕಿಡಿ, ಕನ್ನಡ ಬರೆಸಿ

ರಾತ್ರಿ ಒಂಬತ್ತು ಗಂಟೆ. ಪಾತ್ರೆ ತೊಳೆದಿಟ್ಟು, ನಾಳೆಯ ಇಡ್ಲಿ ಹಿಟ್ಟಿಗೆ ತಟ್ಟೆ ಮುಚ್ಚಿ, ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಏಳನೇ ಕ್ಲಾಸಿನ ಮಗರಾಯ ಬಂದು ನಿಲ್ಲುತ್ತಾನೆ. ‘ಅಮ್ಮಾ, ನಾಳೆ ಕನ್ನಡ ಪ್ರಬಂಧ ಕೊಡ್ಬೇಕು. ನೀನು ಹೇಳು, ನಾನು ಬರ್ಕೋತೀನಿ.’ ವಿಷಯ ‘ಮಳೆಗಾಲದ ಒಂದು ದಿನ’. ನೀವು ಹೇಳುತ್ತೀರಿ, ಅವನು ಬರೆಯುತ್ತಾನೆ. ಹತ್ತು ನಿಮಿಷದಲ್ಲಿ ಕೆಲಸ ಮುಗೀತು. ಎರಡು ದಿನ ಬಿಟ್ಟು ನೋಟ್‌ಬುಕ್ಕಿನಲ್ಲಿ ‘ಗುಡ್’ ಅಂತ ಬರೆದು ಬರುತ್ತದೆ. ಆ ಗುಡ್ ಬಂದಿದ್ದು ಯಾರಿಗೆ ಹೇಳಿ?

ಇದು ನಿಮ್ಮೊಬ್ಬರ ಮನೆಯ ಕತೆಯಲ್ಲ. ಇಂಗ್ಲಿಷ್ ಮಾಧ್ಯಮಕ್ಕೆ ಮಕ್ಕಳನ್ನು ಕಳಿಸಿರುವ ಮುಕ್ಕಾಲುಪಾಲು ಮನೆಗಳಲ್ಲಿ ನಡೆಯುವುದೇ ಹೀಗೆ. ಮಗು ಮನೆಯಲ್ಲಿ ಪಟಪಟ ಕನ್ನಡ ಮಾತಾಡುತ್ತದೆ. ವ್ಯಾಕರಣದ ಪರೀಕ್ಷೆಯಲ್ಲಿ ಏಳು ವಿಭಕ್ತಿಗಳ ಹೆಸರನ್ನೂ ಒಪ್ಪಿಸುತ್ತದೆ. ಆದರೆ ‘ನಿನ್ನೆ ಏನಾಯ್ತು ಅಂತ ನಾಲ್ಕು ಸಾಲು ಬರಿ’ ಅಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ರಾಜ್ಯದ ಶಾಲೆಗಳಲ್ಲಿ ಪಠ್ಯಕ್ರಮ ಯಾವುದೇ ಇರಲಿ, ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕನ್ನಡ ಕಲಿಸಬೇಕು. 2017-18ರಿಂದ ಅದು ಹಂತಹಂತವಾಗಿ ಜಾರಿಗೆ ಬಂತು. ಅಂದರೆ ಕನ್ನಡದ ಪಿರಿಯಡ್ ಇದೆ, ಪುಸ್ತಕ ಇದೆ, ಅಂಕವೂ ಇದೆ. ಬರವಣಿಗೆ ಮಾತ್ರ ನಾಪತ್ತೆ!

ಇದನ್ನು ಸರಿಪಡಿಸಲು ಆರು, ಏಳು, ಎಂಟನೇ ತರಗತಿಗಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಅದಕ್ಕಿಂತ ಚಿಕ್ಕವರಿದ್ದಾಗ ಬೋರ್ಡ್ ನೋಡಿ ಬರೆದುಕೊಳ್ಳುವುದೇ ದೊಡ್ಡ ಕೆಲಸ. ಒಂಬತ್ತಕ್ಕೆ ಬಂದರೆ ಟ್ಯೂಷನ್, ಗಣಿತ, ವಿಜ್ಞಾನ ಅಂತ ಉಸಿರಾಡಲೂ ಪುರುಸೊತ್ತಿಲ್ಲ. ನಡುವಿನ ಈ ಮೂರು ವರ್ಷ ಎಸ್ಸೆಸ್ಸೆಲ್ಸಿಯ ಬಿಸಿ ಇನ್ನೂ ತಟ್ಟಿರುವುದಿಲ್ಲ, ಕೈಗೆ ಮಾತ್ರ ಅಕ್ಷರ ಒಗ್ಗಿರುತ್ತದೆ. ಮುಂದೆ ಹತ್ತನೇ ತರಗತಿಯ ಪ್ರಥಮ ಭಾಷೆ ಕನ್ನಡದಲ್ಲಿ ಪತ್ರ, ಪ್ರಬಂಧ, ಗಾದೆ ವಿಸ್ತರಣೆ ಎಲ್ಲವೂ ಬರುತ್ತವೆ. ಅವನ್ನು ಗೈಡ್ ನೋಡಿ ಉರು ಹೊಡೆಯುವ ಪಾಡು ಬೇಡವೆಂದರೆ ಈಗಲೇ ಶುರುಮಾಡಬೇಕು.

ಹಾಗಂತ ನಾಳೆಯೇ ಕೂರಿಸಿಕೊಂಡು ಸಂಧಿ, ಸಮಾಸ ಅಂತ ಪಾಠ ತೆಗೆಯಬೇಡಿ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವಳು. ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಮನೆಯ ಬಗ್ಗೆ ಒಂದು ಪುಟ ಬರೆದು ತಂದಳು. ಹಿತ್ತಲಲ್ಲಿ ಹಲಸಿನ ಹಣ್ಣು ಬಿದ್ದಿದ್ದು, ಅಜ್ಜ ಕೈಗೆ ಎಣ್ಣೆ ಸವರಿಕೊಂಡು ಅದನ್ನು ಬಿಡಿಸಿದ್ದು, ಬೆಕ್ಕಿನ ಮೂತಿಗೆ ಮೇಣ ಅಂಟಿದ್ದು ಎಲ್ಲಾ ಇತ್ತು. ನಾನೋ ಕೆಂಪು ಪೆನ್ನು ಹಿಡಿದು ಕೂತೆ. ‘ಹ’ ಇರಬೇಕಾದಲ್ಲಿ ‘ಅ’, ‘ಳ’ ಇರಬೇಕಾದಲ್ಲಿ ‘ಲ’, ಒತ್ತಿಲ್ಲ, ದೀರ್ಘವಿಲ್ಲ. ಪುಟದ ತುಂಬಾ ಕೆಂಪು ಸೊನ್ನೆಗಳು. ಮುಂದಿನ ವಾರ ಅವಳು ಬರೆದಿದ್ದು ಮೂರೇ ಸಾಲು. ‘ನನಗೆ ಅಜ್ಜಿ ಮನೆ ಇಷ್ಟ. ಅಲ್ಲಿ ಮರ ಇದೆ. ಅಜ್ಜಿ ಒಳ್ಳೆಯವರು.’ ಒಂದೇ ಒಂದು ತಪ್ಪಿಲ್ಲ. ಹಲಸಿನ ಹಣ್ಣೂ ಇಲ್ಲ, ಬೆಕ್ಕೂ ಇಲ್ಲ. ತಪ್ಪಾಗದ ಪದಗಳನ್ನಷ್ಟೇ ಹುಡುಕಿ ಹುಡುಕಿ ಬರೆದಿದ್ದಳು ಹುಡುಗಿ.

ಅವತ್ತು ನನಗೆ ಅರ್ಥವಾಯಿತು. ಮೊದಲು ಬರೆಯಲಿ, ವ್ಯಾಕರಣ ಆ ಬರೆದದ್ದರೊಳಗಿಂದಲೇ ಬರಲಿ. ಅದೂ ಒಂದು ಸಲಕ್ಕೆ ಒಂದೇ ವಿಷಯ.

ಹೇಗೆ ಅಂತೀರಾ? ಒಂದು ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ ತನ್ನಿ. ಶಾಲೆಯ ಪುಸ್ತಕದ ಜೊತೆ ಸೇರಿಸಬೇಡಿ, ಅದಕ್ಕೆ ಅಂಕವಿಲ್ಲ ಅನ್ನುವುದು ಮಗುವಿಗೆ ಗೊತ್ತಿರಲಿ. ಎಡಗಡೆ ಪುಟದಲ್ಲಿ ಮಾತ್ರ ಬರೆಯಬೇಕು, ಬಲಗಡೆ ಖಾಲಿ. ವಾರಕ್ಕೆ ಎರಡು ದಿನ, ದಿನಕ್ಕೆ ಇಪ್ಪತ್ತೇ ನಿಮಿಷ. ಬುಧವಾರ ಬರೆಯುವುದು, ಶನಿವಾರ ತಿದ್ದುವುದು ಅಂತ ಇಟ್ಟುಕೊಳ್ಳಿ. ಬುಧವಾರ ನೀವು ಪಕ್ಕದಲ್ಲಿ ಕೂರಲೇಬಾರದು. ಹುರುಳಿಕಾಯಿ ನಾರು ತೆಗೆಯುತ್ತಾ ಅಡುಗೆಮನೆಯಲ್ಲೇ ಇರಿ. ‘ಅಮ್ಮಾ, ಇದಕ್ಕೆ ಒತ್ತು ಬರುತ್ತಾ?’ ಅಂದರೆ ‘ನಿನಗೆ ತೋಚಿದ ಹಾಗೆ ಬರಿ, ಶನಿವಾರ ನೋಡೋಣ’ ಅನ್ನಿ. ಏನು ಬರೆಯಬೇಕು ಅನ್ನುವುದಕ್ಕೆ ‘ನನ್ನ ದೇಶ’, ‘ಸಮಯದ ಮಹತ್ವ’ ಎಂಬಂಥ ದೊಡ್ಡ ದೊಡ್ಡ ವಿಷಯ ಕೊಡಬೇಡಿ. ಲಿಫ್ಟ್ ಕೆಟ್ಟು ನಿಂತಿದ್ದು, ಸ್ಕೂಲ್ ವ್ಯಾನಿನಲ್ಲಿ ನಡೆದ ಜಗಳ, ಅಪ್ಪ ಮಾಡಿದ ಉಪ್ಪಿಟ್ಟು... ಸಾಕಲ್ಲ!

ಶನಿವಾರ ಏನು ಮಾಡಬೇಕು ಅನ್ನುವುದನ್ನು ಒಂದು ಉದಾಹರಣೆಯಿಂದಲೇ ನೋಡೋಣ. ಮಗು ಹೀಗೆ ಬರೆದಿದೆ ಅಂದುಕೊಳ್ಳಿ: ‘ನಾವು ಬಸ್ ಅಲ್ಲಿ ಅಜ್ಜಿ ಮನೆ ಗೆ ಹೋದ್ವಿ. ಅಲ್ಲಿ ಎರಡು ಅಣ್ಣ ಇದ್ದರು. ನಾಯಿ ನನ್ನ ನೋಡಿ ಓಡಿ ಬಂದ.’ ಮೂರು ಸಾಲಿನಲ್ಲಿ ಆರು ತಪ್ಪು ಕಾಣುತ್ತದೆ ಅಲ್ಲವೇ? ಎಲ್ಲಾ ತಿದ್ದಲು ಹೋಗಬೇಡಿ. ‘ಬಸ್ ಅಲ್ಲಿ’, ‘ಮನೆ ಗೆ’, ‘ನನ್ನ ನೋಡಿ’ ಈ ಮೂರೂ ಒಂದೇ ಜಾತಿಯವು, ಎಲ್ಲವೂ ವಿಭಕ್ತಿಯ ತಪ್ಪು. ಇಂಗ್ಲಿಷಿನಲ್ಲಿ ಇನ್, ಟು ಅಂತ ಬೇರೆ ಬೇರೆ ಬರೆದು ಅಭ್ಯಾಸವಾದ ಕೈ ಕನ್ನಡದಲ್ಲೂ ಪ್ರತ್ಯಯವನ್ನು ಬೇರೆ ಮಾಡಿ ಬರೆಯುತ್ತದೆ. ‘ನಮ್ಮ ಭಾಷೆಯಲ್ಲಿ ಇವು ಪದಕ್ಕೆ ಅಂಟಿಕೊಂಡೇ ಇರುತ್ತವೆ ಕಣೋ’ ಅಂತ ಹೇಳಿ ಬಸ್ಸಿನಲ್ಲಿ, ಮನೆಗೆ, ನನ್ನನ್ನು ಎಂದು ಬಲಗಡೆ ಪುಟದಲ್ಲಿ ಅವನ ಕೈಯಲ್ಲೇ ಬರೆಸಿ. ಆ ವಾರ ಅಷ್ಟೇ. ‘ಎರಡು ಅಣ್ಣ’ ಎನ್ನುವುದು ‘ಇಬ್ಬರು ಅಣ್ಣಂದಿರು’ ಆಗಬೇಕು, ನಾಯಿ ‘ಬಂದ’ ಅಲ್ಲ ‘ಬಂತು’, ‘ಹೋದ್ವಿ’ಯನ್ನು ಬರೆಯುವಾಗ ‘ಹೋದೆವು’ ಅನ್ನಬೇಕು... ಇವೆಲ್ಲಾ ನಿಮ್ಮ ನಾಲಿಗೆ ತುದಿಗೆ ಬಂದಿರುತ್ತವೆ. ನುಂಗಿಕೊಳ್ಳಿ! ಅವುಗಳ ಸರದಿ ಮುಂದೆ ಬರುತ್ತದೆ.

ಆ ಸರದಿಯನ್ನು ವರ್ಷಕ್ಕೆ ಹಂಚಿಕೊಳ್ಳುವುದೇ ನಿಮ್ಮ ಯೋಜನೆ. ಜೂನ್, ಜುಲೈನಲ್ಲಿ ಬರೀ ಕಾಗುಣಿತ ಮತ್ತು ಒತ್ತಕ್ಷರ. ಅ-ಹ, ನ-ಣ, ಲ-ಳ, ಸ-ಶ-ಷ, ಅಲ್ಪಪ್ರಾಣ-ಮಹಾಪ್ರಾಣ ಇಷ್ಟರಲ್ಲಿ ಮಗು ಎಲ್ಲಿ ಎಡವುತ್ತದೆ ಅನ್ನುವುದು ಮೊದಲ ಮೂರು ವಾರದಲ್ಲೇ ಗೊತ್ತಾಗಿಬಿಡುತ್ತದೆ. ಅದನ್ನಷ್ಟೇ ಹಿಡಿಯಿರಿ. ‘ಅಕ್ಕಿ ಹಾರಿತು’ ಎಂದು ಬರೆದರೆ ಬೈಯುವ ಬದಲು, ಹಾರಿದ್ದು ಡಬ್ಬಿಯಲ್ಲಿರುವ ಅಕ್ಕಿಯೋ ಮರದ ಮೇಲಿನ ಹಕ್ಕಿಯೋ ಅಂತ ಕೇಳಿ. ಒಮ್ಮೆ ನಕ್ಕರೆ ಮರೆಯುವುದಿಲ್ಲ. ಆಗಸ್ಟ್‌ನಿಂದ ದಸರಾ ರಜೆಯವರೆಗೆ ವಿಭಕ್ತಿ. ಅಂದಹಾಗೆ, ಪಂಚಮಿಗೆ ‘ದೆಸೆಯಿಂದ’ ಅಂತ ಪಠ್ಯದಲ್ಲಿ ಇದೆ, ಪರೀಕ್ಷೆಗೆ ಕಲಿತುಕೊಳ್ಳಲಿ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಅಂತ ನಾವ್ಯಾರೂ ಅನ್ನುವುದಿಲ್ಲವಲ್ಲ, ಬರೆಯುವಾಗ ‘ಮರದಿಂದ’ ಎಂದೇ ಬರೆಯಲಿ. ದಸರಾ ಮುಗಿದ ಮೇಲೆ ಕ್ರಿಯಾಪದ. ನಾನು ಹೋದೆನು, ಅವನು ಹೋದನು, ಅವಳು ಹೋದಳು, ಅವರು ಹೋದರು, ಅದು ಹೋಯಿತು. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ವೆಂಟ್’ ಒಂದೇ ಸಾಕು, ಮಕ್ಕಳು ತಪ್ಪುವುದು ಅದಕ್ಕೇ.

ಜನವರಿ ಹೊತ್ತಿಗೆ ಸಂಧಿಗೆ ಬನ್ನಿ. ಇದು ಮಕ್ಕಳಿಗೆ ಗುಮ್ಮ ಇದ್ದ ಹಾಗೆ. ಆದರೆ ಅವರು ಈಗಾಗಲೇ ಸಂಧಿ ಮಾಡುತ್ತಲೇ ಇದ್ದಾರೆ, ಹೆಸರು ಗೊತ್ತಿಲ್ಲ ಅಷ್ಟೇ. ‘ಮನೆ’ಗೆ ‘ಅಲ್ಲಿ’ ಸೇರಿ ಮನೆಯಲ್ಲಿ ಆಯಿತು, ನಡುವೆ ‘ಯ’ ಬಂತು, ಆಗಮ. ‘ಊರು’ ಮತ್ತು ‘ಅಲ್ಲಿ’ ಸೇರಿದಾಗ ‘ಉ’ ಮಾಯ, ಲೋಪ. ‘ಮಳೆ’ಗೆ ‘ಕಾಲ’ ಸೇರಿದರೆ ‘ಕ’ ಹೋಗಿ ‘ಗ’ ಬಂತು, ಮಳೆಗಾಲ, ಆದೇಶ. ಬಂದದ್ದು, ಹೋದದ್ದು, ಬದಲಾದದ್ದು. ಇಷ್ಟೇ ಕಣ್ರೀ ಕನ್ನಡ ಸಂಧಿ! ಸಂಸ್ಕೃತ ಸಂಧಿಗೆ ಮನೆಗೆ ಬಂದ ಮದುವೆ ಕಾಗದಗಳನ್ನು ಎಸೆಯದೆ ಇಟ್ಟುಕೊಳ್ಳಿ. ‘ವಿವಾಹ ಮಹೋತ್ಸವ’ದಲ್ಲಿ ಮಹಾ, ಉತ್ಸವ ಸೇರಿ ಗುಣಸಂಧಿ. ‘ಆಗಮನಾಭಿಲಾಷಿಗಳು’ ಅಂದರೆ ಆಗಮನ, ಅಭಿಲಾಷಿ ಸೇರಿ ಸವರ್ಣದೀರ್ಘ. ಒಂದೊಂದು ಲಗ್ನಪತ್ರಿಕೆಯಲ್ಲೂ ಮೂರು ನಾಲ್ಕು ಸಂಧಿಯಾದರೂ ಸಿಗುತ್ತವೆ. ಹುಡುಕಿ ಗೆರೆ ಎಳೆಯುವ ಕೆಲಸ ಮಗುವಿಗೆ ಬಿಡಿ. ಸಮಾಸವನ್ನು ಎಂಟನೇ ತರಗತಿಗೆ ಇಟ್ಟುಕೊಂಡರೆ ಏನೂ ಮುಳುಗಿಹೋಗುವುದಿಲ್ಲ.

ಶಾಲೆಯಲ್ಲಿ ಬೇರೆ ಕ್ರಮದಲ್ಲಿ ಪಾಠ ನಡೆಯುತ್ತಿದ್ದರೆ ಗಾಬರಿಯಾಗಬೇಡಿ. ಶಾಲೆಯದು ಶಾಲೆಗೆ, ಇದು ಇದಕ್ಕೆ. ಪರೀಕ್ಷೆ ಹತ್ತಿರ ಬಂದಾಗ ಎರಡು ವಾರ ಈ ನೋಟ್‌ಬುಕ್ ಮುಚ್ಚಿಟ್ಟರೂ ನಡೆದೀತು.

ಇನ್ನೊಂದು ಮಾತು. ನಿಮ್ಮ ಮನೆಯ ಕನ್ನಡ ಮೈಸೂರಿನದೋ, ಧಾರವಾಡದ್ದೋ, ಕುಂದಾಪುರದ್ದೋ ಆಗಿರಬಹುದು. ಅದನ್ನು ‘ತಪ್ಪು ಕನ್ನಡ’ ಅಂತ ಮಾತ್ರ ಹೇಳಿಕೊಡಬೇಡಿ. ‘ಇದು ಮಾತಾಡೋದು, ಇದು ಬರೆಯೋದು’ ಅನ್ನಿ, ಸಾಕು. ಕತೆಯಲ್ಲಿ ಅಜ್ಜಿ ಮಾತಾಡುವಾಗ ಅಜ್ಜಿಯ ಮಾತನ್ನೇ ಹಾಗೇ ಬರೆಯಲಿ, ಉದ್ಧರಣ ಚಿಹ್ನೆ ಹಾಕುವುದನ್ನು ಕಲಿಸಲು ಅದೇ ಸರಿಯಾದ ಜಾಗ. ಮನೆಮಾತು ತೆಲುಗು, ತಮಿಳು, ತುಳು, ಮರಾಠಿ ಆಗಿದ್ದರೆ ವಾರಕ್ಕೆ ಒಂದು ದಿನ ಓದಿ ಹೇಳುವುದನ್ನೂ ಸೇರಿಸಿಕೊಳ್ಳಿ. ಕಿವಿಗೆ ಬೀಳದ ವಾಕ್ಯ ಕೈಗೆ ಬರುವುದು ಕಷ್ಟ. ತೇಜಸ್ವಿಯವರ ‘ಪರಿಸರದ ಕತೆ’, ಗೊರೂರರ ‘ಹಳ್ಳಿಯ ಚಿತ್ರಗಳು’ ಈ ವಯಸ್ಸಿನವರಿಗೆ ಓದಿ ಹೇಳಲು ಚೆನ್ನ. ಒಂದೊಂದೇ ಪ್ರಸಂಗ ಓದಬಹುದು, ನಡುನಡುವೆ ನಗಲೂಬಹುದು.

‘ನನಗೇ ವ್ಯಾಕರಣ ಮರೆತು ಹೋಗಿದೆಯಲ್ಲಾ’ ಅನ್ನುವವರೂ ಇದ್ದೀರಿ. ನಮ್ಮಲ್ಲಿ ಎಷ್ಟೋ ಜನ ಕನ್ನಡ ಬರೆದು ವರ್ಷಗಳೇ ಆದವು, ಈಗ ಏನಿದ್ದರೂ ಹಾಲಿನ ಲೆಕ್ಕ, ದಿನಸಿ ಚೀಟಿ. ತೀ.ನಂ.ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಒಂದು ಮನೆಯಲ್ಲಿದ್ದರೆ ಸಂಶಯ ಬಂದಾಗ ತೆರೆದು ನೋಡಬಹುದು. ರಾಜ್ಯ ಪಠ್ಯಕ್ರಮದ ಕನ್ನಡ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತವೆ. ಪಾಠದ ಕೊನೆಯ ಭಾಷಾ ಅಭ್ಯಾಸಗಳನ್ನು ನೀವೇ ಒಮ್ಮೆ ಮಾಡಿ ನೋಡಿ. ಮಗುವಿನ ಎದುರಿಗೆ ‘ನನಗೂ ಗೊತ್ತಿಲ್ಲ, ನೋಡೋಣ ಬಾ’ ಅಂದರೆ ಅಮ್ಮನ ಮರ್ಯಾದೆ ಏನೂ ಕಮ್ಮಿಯಾಗುವುದಿಲ್ಲ. ಜೊತೆಗೆ ಕೂತು ಹುಡುಕಿದ್ದು ಇಬ್ಬರಿಗೂ ನೆನಪಿರುತ್ತದೆ.

ಬರವಣಿಗೆಯೂ ತಿಂಗಳು ಕಳೆದಂತೆ ಸ್ವಲ್ಪ ಸ್ವಲ್ಪ ಬದಲಾಗಲಿ. ಮೊದಲು ನಡೆದದ್ದು ನಡೆದ ಹಾಗೆ. ಆಮೇಲೆ ಒಂದು ವಸ್ತುವನ್ನೋ ಮನುಷ್ಯನನ್ನೋ ಕಂಡ ಹಾಗೆ. ನಂತರ ಕೆಲಸದ ಕ್ರಮ, ಅಂದರೆ ನಿಂಬೆಹಣ್ಣಿನ ಚಿತ್ರಾನ್ನ ಮಾಡುವುದು ಹೇಗೆ ಅಂತ. ನಗಬೇಡಿ, ‘ಮೊದಲು’, ‘ನಂತರ’, ‘ಅಷ್ಟರಲ್ಲಿ’ ಎಂಬ ಪದಗಳು ಸರಾಗವಾಗಿ ಬರಲು ಅಡುಗೆಗಿಂತ ಒಳ್ಳೆಯ ವಿಷಯವಿಲ್ಲ. ಬರೆದದ್ದನ್ನು ಓದಿ, ಅವನು ಹೇಳಿದ ಹಾಗೆಯೇ ಮಾಡಿ ತೋರಿಸಿ. ಉಪ್ಪು ಬರೆಯಲು ಮರೆತಿದ್ದರೆ ಉಪ್ಪಿಲ್ಲದ ಚಿತ್ರಾನ್ನವನ್ನೇ ಬಡಿಸಿ! ಎರಡನೇ ಸಲ ಬರೆಯುವಾಗ ಒಂದಂಶವೂ ಬಿಟ್ಟುಹೋಗುವುದಿಲ್ಲ. ಗಾದೆ ವಿಸ್ತರಣೆ ಕೊನೆಗೆ ಬರಲಿ. ಅದರಲ್ಲಿಯೂ ‘ಗಾದೆಗಳು ವೇದಗಳಿಗೆ ಸಮ’ ಎಂಬ ಗೈಡಿನ ಪೀಠಿಕೆ ಬೇಡ. ‘ಕೈ ಕೆಸರಾದರೆ ಬಾಯಿ ಮೊಸರು’ ಅಂದಾಗ ತನಗೆ ಗೊತ್ತಿರುವ ಒಬ್ಬರ ಕೆಸರಾದ ಕೈ ನೆನಪಿಸಿಕೊಂಡು ಬರೆಯಲಿ.

ಪತ್ರಕ್ಕೆ ಮಾತ್ರ ನಿಜವಾದ ಪತ್ರವೇ ಆಗಬೇಕು. ಕ್ಷೇಮ, ಶ್ರೀ, ದಿನಾಂಕ, ಊರು ಎಲ್ಲಾ ಸರಿಯಾಗಿ ಹಾಕಿ, ‘ಸಾಷ್ಟಾಂಗ ನಮಸ್ಕಾರಗಳು’ ಅಂತ ಶುರುಮಾಡಿ, ‘ಇತಿ ನಿಮ್ಮ ಪ್ರೀತಿಯ ಮೊಮ್ಮಗಳು’ ಅಂತ ಮುಗಿಸಿ, ಅಂಚೆಪೆಟ್ಟಿಗೆಗೆ ಅವಳ ಕೈಯಲ್ಲೇ ಹಾಕಿಸಿ. ನಮ್ಮ ಮನೆಯಲ್ಲಿ ಆ ಮೂರು ಸಾಲಿನ ಹುಡುಗಿಯನ್ನು ಮತ್ತೆ ಬರೆಯುವ ಹಾಗೆ ಮಾಡಿದ್ದು ಅಂಥದ್ದೇ ಒಂದು ಕಾಗದ. ತಪ್ಪಿದ್ದರೂ ಇರಲಿ ಅಂತ ನಾನು ಅದನ್ನು ಮುಟ್ಟಲಿಲ್ಲ. ಹನ್ನೆರಡು ದಿನಕ್ಕೆ ಅಜ್ಜಿಯ ಉತ್ತರ ಬಂತು, ಎರಡೂ ಕಡೆ ತುಂಬಿ ಅಂಚಿನಲ್ಲೂ ಬರೆದಿದ್ದರು. ಮಗಳು ಓದುತ್ತಾ ಓದುತ್ತಾ ತಟ್ಟನೆ ನಿಲ್ಲಿಸಿ, ‘ಅಮ್ಮಾ, ಅಜ್ಜಿ ಹಲಸಿನಣ್ಣು ಅಂತ ಬರೆದಿದ್ದಾರೆ, ಹ ಇಲ್ಲ’ ಅಂದಳು. ತಿದ್ದುತ್ತೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ನೋಡಿ, ‘ಬೇಡ ಬಿಡಮ್ಮ, ಅರ್ಥ ಆಯ್ತಲ್ಲ’ ಅಂತ ಕಾಗದ ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಳು.