ನಿಯಮವಿಲ್ಲದ ಆಟದ ನಿಯಮನಿಷ್ಠೆ

ಲಂಡನ್ ನಗರದ ನೆಲದಡಿಯ ರೈಲುಮಾರ್ಗದಲ್ಲಿ, ಯೂಸ್ಟನ್ನಿಗೂ ಕ್ಯಾಮ್ಡನ್ ಟೌನಿಗೂ ನಡುವೆ, ಮಾರ್ನಿಂಗ್‌ಟನ್ ಕ್ರೆಸೆಂಟ್ ಎಂಬ ಒಂದು ಸಣ್ಣ ನಿಲ್ದಾಣವುಂಟು. ೧೯೭೮ರ ಆಗಸ್ಟ್ ೨೨ರಂದು ಬಿ.ಬಿ.ಸಿ.ಯ ರೇಡಿಯೋ ಫೋರ್ ವಾಹಿನಿಯಲ್ಲಿ ‘ಐಯಾಮ್ ಸಾರಿ ಐ ಹ್ಯಾವಂಟ್ ಎ ಕ್ಲೂ’ ಎಂಬ ವಿನೋದ ಕಾರ್ಯಕ್ರಮದ ಆರನೆಯ ಮಾಲಿಕೆ ಆರಂಭವಾದಾಗ, ಆ ನಿಲ್ದಾಣದ ಹೆಸರನ್ನೇ ಹೊತ್ತ ಆಟವೊಂದು ಶ್ರೋತೃಗಳ ಕಿವಿಗೆ ಮೊದಲ ಬಾರಿಗೆ ಬಿದ್ದಿತು. ಆಡುವವರು ಸರದಿಯಂತೆ ಲಂಡನ್ನಿನ ಒಂದೊಂದು ನಿಲ್ದಾಣವನ್ನೋ ಬೀದಿಯನ್ನೋ ಹೆಸರಿಸುತ್ತ ಹೋಗತಕ್ಕದ್ದು. ಯಾರು ಮೊದಲು ‘ಮಾರ್ನಿಂಗ್‌ಟನ್ ಕ್ರೆಸೆಂಟ್’ ಎನ್ನುವರೋ ಅವರಿಗೆ ಜಯ. ಹೊರನೋಟಕ್ಕೆ ಕಾಣುವ ವಿಧಿ ಇಷ್ಟೇ. ಆದರೆ ಒಂದು ಹೆಸರಿನಿಂದ ಮತ್ತೊಂದಕ್ಕೆ ಸಾಗುವ ಹಾದಿಯನ್ನು ವಿಧಿಸುವ ಶಾಸ್ತ್ರವೊಂದುಂಟೆಂದೂ, ಅದು ಪ್ರಾಚೀನವೂ ಅತಿಜಟಿಲವೂ ಆದುದೆಂದೂ, ಸರ್ವವಿದಿತವಾದ ಅದನ್ನು ಮತ್ತೆ ವಿವರಿಸುವುದು ಶ್ರೋತೃಗಳಿಗೆ ಅಪಮಾನ ಮಾಡಿದಂತೆಂದೂ ಎಲ್ಲರೂ ಭಾವಿಸಿಕೊಂಡೇ ಆಟ ನಡೆಯುತ್ತದೆ. ಅಂಥ ಶಾಸ್ತ್ರ ಎಂದೂ ಇದ್ದುದಿಲ್ಲ.

ಇಲ್ಲದ ಶಾಸ್ತ್ರಕ್ಕೆ ತೋರುವ ನಿಷ್ಠೆಯಲ್ಲಿಯೇ ಈ ಆಟದ ಸೊಗಸಿದೆ. ಅಧ್ಯಕ್ಷರು ಈ ಸಂಜೆ ಇಂತಿಂಥ ಉಪನಿಯಮ ಜಾರಿಯಲ್ಲಿರುವುದೆಂದೂ, ಕರ್ಣರೇಖೆಯ ಚಲನೆಗೆ ಅವಕಾಶವಿಲ್ಲವೆಂದೂ ಮೊದಲಿಗೇ ಸಾರುತ್ತಾರೆ. ಒಬ್ಬರು ‘ಆಕ್ಸ್‌ಫರ್ಡ್ ಸರ್ಕಸ್’ ಎಂದು ನಿರಾಯಾಸವಾಗಿ ಆರಂಭಿಸುತ್ತಾರೆ. ಎದುರಾಳಿ ಕ್ಷಣಕಾಲ ತಡೆದು, ಯಾವುದೋ ಅಪಾಯವನ್ನು ಮುಂಗಂಡವರಂತೆ ಉಸಿರೆಳೆದು, ‘ಹೋಬರ್ನ್’ ಎನ್ನುತ್ತಾರೆ. ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಹಬ್ಬುತ್ತದೆ. ಮೂರನೆಯವರು ಆ ನಡೆ ಊರ್ಜಿತವೇ ಎಂದು ವಿನಯಪೂರ್ವಕವಾಗಿ ಆಕ್ಷೇಪವೆತ್ತುತ್ತಾರೆ. ಅಧ್ಯಕ್ಷರು ಹಿಂದಿನ ಯಾವುದೋ ತೀರ್ಪನ್ನು ನೆನೆದು ಆಕ್ಷೇಪವನ್ನು ತಳ್ಳಿಹಾಕುತ್ತಾರೆ. ‘ನಿಡ್’ ಎಂಬ ದುಃಸ್ಥಿತಿಯಲ್ಲಿ ಸಿಲುಕಿದವರಿಗಾಗಿ ಸಭೆ ಮರುಗುತ್ತದೆ. ಅದೆಂಥ ಸ್ಥಿತಿಯೆಂದು ಮರುಗುವವರಲ್ಲಿ ಒಬ್ಬರಿಗೂ ತಿಳಿಯದು. ಕೊನೆಗೆ, ಯಾರೂ ನಿರೀಕ್ಷಿಸದ ತಿರುವಿನಲ್ಲಿ, ಒಬ್ಬರು ಆ ಎರಡು ಪದಗಳನ್ನು ಉಚ್ಚರಿಸಿದೊಡನೆ ಚಪ್ಪಾಳೆ ಮೊಳಗುತ್ತದೆ. ನಮ್ಮ ಅಂತ್ಯಾಕ್ಷರಿಯಲ್ಲಿ ಕೊನೆಯ ಅಕ್ಷರವು ಮುಂದಿನವರನ್ನು ಕಟ್ಟಿಹಾಕುವಂತೆ ಇಲ್ಲಿ ಯಾರನ್ನೂ ಯಾವುದೂ ಕಟ್ಟಿಹಾಕುವುದಿಲ್ಲ. ಕಟ್ಟುಬಿದ್ದವರಂತೆ ನಡೆದುಕೊಳ್ಳುವುದೊಂದೇ ಇಲ್ಲಿಯ ಕೌಶಲ. ಬಾಯಿತಪ್ಪಿ ಒಬ್ಬರು ನಕ್ಕು, ಇದೆಲ್ಲ ಸುಳ್ಳೆಂದು ಒಪ್ಪಿಕೊಂಡುಬಿಟ್ಟರೆ ಅಲ್ಲಿಗೆ ಆಟ ಮುಗಿಯಿತು.

ಈ ಆಟಕ್ಕೆ ಎಡೆಕೊಟ್ಟ ಕಾರ್ಯಕ್ರಮದ ಹುಟ್ಟು ಬರೆಯುವ ಶ್ರಮದಿಂದ ಬಿಡುಗಡೆ ಬಯಸಿದ ಲೇಖಕರ ಯೋಚನೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಾಟಕಕೂಟದಲ್ಲಿ ಪಳಗಿದ ತರುಣರ ಗುಂಪೊಂದು ಅರುವತ್ತರ ದಶಕದಲ್ಲಿ ‘ಐಯಾಮ್ ಸಾರಿ, ಐಲ್ ರೀಡ್ ದಟ್ ಎಗೇನ್’ ಎಂಬ ಹಾಸ್ಯರೂಪಕಗಳನ್ನು ಬಾನುಲಿಗೆ ನಡೆಸಿಕೊಡುತ್ತಿತ್ತು. ವಾರವಾರವೂ ಹೊಸ ಹಾಸ್ಯವನ್ನು ಬರೆದು ಒದಗಿಸುವುದೆಂದರೆ ಸಾಮಾನ್ಯವಾದ ದುಡಿಮೆಯಲ್ಲ. ಅವರಲ್ಲೊಬ್ಬರಾದ, ವೈದ್ಯಶಾಸ್ತ್ರ ಓದಿ ಹಾಸ್ಯಕ್ಕೆ ತಿರುಗಿದ ಗ್ರೇಮ್ ಗಾರ್ಡನ್, ಲಿಖಿತ ಸಂಭಾಷಣೆಯ ಹಂಗಿಲ್ಲದೆ, ಆಟಗಳ ನೆಪದಲ್ಲಿ ಅಲ್ಲಲ್ಲಿಯೇ ಹಾಸ್ಯವನ್ನು ಹೊಮ್ಮಿಸುವ ಕಾರ್ಯಕ್ರಮವೊಂದನ್ನು ಕಲ್ಪಿಸಿದರು. ೧೯೭೨ರ ಏಪ್ರಿಲ್ ೧೧ರಂದು ಅದು ಪ್ರಸಾರವಾಯಿತು. ಬಾನುಲಿಯಲ್ಲಿ ಆಗ ಹೇರಳವಾಗಿದ್ದ ರಸಪ್ರಶ್ನೆಗಳಿಗೂ ಪಂಡಿತಗೋಷ್ಠಿಗಳಿಗೂ ಇದು ಮದ್ದೆಂದು ಕಾರ್ಯಕ್ರಮವು ತನ್ನನ್ನು ತಾನೇ ವರ್ಣಿಸಿಕೊಂಡಿತು.

ಅಧ್ಯಕ್ಷಪೀಠಕ್ಕೆ ಬಂದವರು ಹಂಫ್ರಿ ಲಿಟಲ್‌ಟನ್. ಈಟನ್ ಶಾಲೆಯ ಅಧ್ಯಾಪಕರೊಬ್ಬರ ಮಗ. ಎರಡನೆಯ ಮಹಾಯುದ್ಧದಲ್ಲಿ ಗ್ರೆನೇಡಿಯರ್ ಗಾರ್ಡ್ಸ್ ದಳದ ಅಧಿಕಾರಿ. ೧೯೪೫ರ ಮೇ ೮ರ ವಿಜಯೋತ್ಸವದಂದು ತಳ್ಳುಗಾಡಿಯೊಂದರಲ್ಲಿ ಕುಳಿತು ಬೀದಿಯಲ್ಲಿ ಟ್ರಂಪೆಟ್ ಊದಿದವರು. ಅನಂತರ ಇಂಗ್ಲೆಂಡಿನ ಜಾಜ್ ಸಂಗೀತಗಾರರಲ್ಲಿ ಅಗ್ರಗಣ್ಯರೆನಿಸಿದವರು. ಹಾಸ್ಯಗಾರರ ನಡುವೆ ಸಂಗೀತಗಾರನನ್ನು ಕೂರಿಸಿದ್ದು ವಿಚಿತ್ರವೆಂದು ತೋರಬಹುದು. ಅದಕ್ಕಿಂತ ಉಚಿತವಾದ ಆಯ್ಕೆ ಬೇರೊಂದಿರಲಾರದು ಎಂದು ನನ್ನ ದೃಢವಾದ ನಂಬಿಕೆ. ಜಾಜ್ ಮನೋಧರ್ಮಪ್ರಧಾನವಾದ ಕಲೆ. ಜೊತೆಯವರು ನುಡಿಸುತ್ತಿರುವಾಗ ತಾನು ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲಿ ಒಂದು ಸ್ವರವಿಟ್ಟರೆ ಸಾಕು ಎಂಬ ವಿವೇಕವನ್ನು ಅದು ಕಲಿಸುತ್ತದೆ. ಲಿಟಲ್‌ಟನ್ನರ ದನಿಯಲ್ಲಿದ್ದುದು ಕುಲೀನ ನ್ಯಾಯಾಧೀಶನೊಬ್ಬನ ದಣಿದ ಗಾಂಭೀರ್ಯ. ಆ ಗಾಂಭೀರ್ಯವಿಲ್ಲದಿದ್ದರೆ ನಿಲ್ದಾಣಗಳ ಹೆಸರುಗಳು ಕೇವಲ ಹೆಸರುಗಳಾಗಿಯೇ ಉಳಿಯುತ್ತಿದ್ದುವು.

ಆಟ ಹುಟ್ಟಿದ ಬಗೆಯನ್ನು ಲಿಟಲ್‌ಟನ್ ಒಂದು ಕಥೆಯಾಗಿ ಹೇಳುತ್ತಿದ್ದರು. ಯಾರಿಗೂ ಅಷ್ಟಾಗಿ ಹಿಡಿಸದ ನಿರ್ಮಾಪಕರೊಬ್ಬರಿದ್ದರಂತೆ; ಗೆಳೆಯರು ಪಾನಗೋಷ್ಠಿಯಲ್ಲಿ ಕುಳಿತಿದ್ದಾಗ ಅವರ ಹೆಜ್ಜೆಸಪ್ಪಳ ಕೇಳಿ, ಎಂದೆಂದಿಗೂ ಅವರಿಗೆ ಅರ್ಥವಾಗದ ಆಟವೊಂದನ್ನು ಕೂಡಲೇ ಆಡತೊಡಗೋಣವೆಂದು ಕೂಡಿಕೊಂಡರಂತೆ. ಕಥೆ ರಮ್ಯವಾಗಿದೆ. ಆದರೆ ಇದಕ್ಕಿಂತ ಹಳೆಯದಾದ, ಅಚ್ಚಾಗಿ ಉಳಿದಿರುವ ಇನ್ನೊಂದು ಮೂಲವಿದೆ. ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು ಅದೇ.

ವಾರಿಕ್ ವಿಶ್ವವಿದ್ಯಾಲಯದ ಗಣಿತ ವಿದ್ಯಾರ್ಥಿಗಳು ‘ಮ್ಯಾನಿಫೋಲ್ಡ್’ ಎಂಬ ಪತ್ರಿಕೆಯನ್ನು ಹೊರಡಿಸುತ್ತಿದ್ದರು. ೧೯೬೯ರಲ್ಲಿ ಅದರಲ್ಲೊಂದು ಲೇಖನ ಬಂದಿತು. ಬರೆದವರು ಅನಟೋಲ್ ಬೆಕ್ ಎಂಬ ಅಮೆರಿಕದ ಗಣಿತಜ್ಞರು, ಮತ್ತು ಮುಂದೆ ಗ್ರೀಕರ ಗಣಿತವನ್ನು ಕುರಿತು ಗಣ್ಯ ಗ್ರಂಥವನ್ನು ರಚಿಸಿದ ಡೇವಿಡ್ ಫೌಲರ್. ಆಟಗಳೆನ್ನಲು ಬಾರದ ಆಟಗಳನ್ನು ಕುರಿತ ಆ ಬರಹದಲ್ಲಿ ‘ಫಿಂಚ್ಲಿ ಸೆಂಟ್ರಲ್’ ಎಂಬುದೂ ಒಂದು. ಇಬ್ಬರು ಸರದಿಯಂತೆ ಲಂಡನ್ನಿನ ನಿಲ್ದಾಣಗಳನ್ನು ಹೆಸರಿಸುವುದು; ಮೊದಲು ‘ಫಿಂಚ್ಲಿ ಸೆಂಟ್ರಲ್’ ಎಂದವನಿಗೆ ಗೆಲುವು. ಆ ನಿಲ್ದಾಣವೂ ಮಾರ್ನಿಂಗ್‌ಟನ್ ಕ್ರೆಸೆಂಟ್ ಇರುವ ನಾರ್ದರ್ನ್ ಮಾರ್ಗದ್ದೇ.

ಗಣಿತಜ್ಞರು ಇಂಥದಕ್ಕೆ ಮನಸೋತುದೇಕೆ ಎಂಬುದನ್ನು ತುಸು ವಿಚಾರಿಸಿ ನೋಡಬೇಕು. ಆ ಹೆಸರನ್ನು ಹೇಳಲು ಅತ್ಯುತ್ತಮವಾದ ಗಳಿಗೆ ಯಾವುದು? ಎದುರಾಳಿ ಹೇಳುವುದಕ್ಕೆ ಒಂದು ನಡೆ ಮುಂಚೆ. ಆತ ಹತ್ತನೆಯ ನಡೆಯಲ್ಲಿ ಹೇಳುವನೆಂದಾದರೆ ನಾನು ಒಂಬತ್ತನೆಯದರಲ್ಲಿ ಹೇಳಬೇಕು. ಇದನ್ನು ಊಹಿಸಿದ ಆತ ಎಂಟನೆಯದರಲ್ಲಿ ಹೇಳುತ್ತಾನೆ. ಹೀಗೆ ತರ್ಕವು ಹಿಂದುಹಿಂದಕ್ಕೆ ಸರಿದು, ಮೊದಲನೆಯವನು ಮೊದಲ ನಡೆಯಲ್ಲಿಯೇ ಹೇಳಿ ಮುಗಿಸಬೇಕೆಂಬಲ್ಲಿಗೆ ಬಂದು ನಿಲ್ಲುತ್ತದೆ. ತರ್ಕ ನಿರ್ದುಷ್ಟವಾಗಿದೆ, ಆದರೆ ಹಾಗೆ ಗೆದ್ದವನನ್ನು ಗೆದ್ದನೆಂದು ಯಾರೂ ಬಗೆಯರು. ಗೆಲುವು ಪ್ರತಿ ನಡೆಯಲ್ಲಿಯೂ ಕೈಗೆಟಕುವಂತಿದೆ, ತಡೆಯುವವರು ಯಾರೂ ಇಲ್ಲ. ಹಾಗಿದ್ದೂ ಕೈಚಾಚದೆ ಬೇರೊಂದು ನಿಲ್ದಾಣದ ಹೆಸರು ಹೇಳುವುದೆಂದರೆ, ಜೊತೆಯಲ್ಲಿ ಕುಳಿತವನ ಸಂಗ ಇನ್ನೂ ಸ್ವಲ್ಪ ಹೊತ್ತು ಬೇಕೆಂದಂತೆ. ಚದುರಂಗದಲ್ಲಾಗಲಿ ಪಗಡೆಯಲ್ಲಾಗಲಿ ಗೆಲ್ಲುವ ಅವಕಾಶ ಸಿಕ್ಕಿಯೂ ಬಿಟ್ಟುಕೊಡುವುದು ಅವಿವೇಕ. ಇಲ್ಲಿ ಬಿಟ್ಟುಕೊಡುತ್ತ ಹೋಗುವುದೇ ಆಟ.

ಪತ್ರಿಕೆಯ ಪುಟದಿಂದ ಬಾನುಲಿಯ ವೇದಿಕೆಗೆ ಈ ವಿನೋದ ಸಾಗಿಬಂದಿತೋ, ಅಥವಾ ಒಂದೇ ಬಗೆಯ ಮನಸ್ಸುಗಳಲ್ಲಿ ಎರಡು ಬಾರಿ ಹುಟ್ಟಿತೋ, ನಾನು ಹಟಹಿಡಿದು ವಾದಿಸುವುದಿಲ್ಲ. ಗಣಿತಜ್ಞರದು ನಿಯಮಗಳು ತೀರ ಕಡಿಮೆಯಾದ ಆಟ. ಹಾಸ್ಯಗಾರರು ಆ ಬರಿದಾದ ಎಡೆಯನ್ನು ನಿಯಮಗಳ ಭ್ರಾಂತಿಯಿಂದ ತುಂಬಿದರು. ಮೊದಲನೆಯವರ ಆಟಕ್ಕೆ ಇಬ್ಬರು ಸಾಕು. ಎರಡನೆಯವರದಕ್ಕೆ ಕೇಳುವ ಸಭೆಯೂ ಬೇಕು. ಏಕೆಂದರೆ ಆ ಭ್ರಾಂತಿಯನ್ನು ಪೋಷಿಸುವವರು ಶ್ರೋತೃಗಳೇ.

ಅವರು ಪೋಷಿಸಿದರೂ ಹೌದು. ಎನ್. ಎಫ್. ಸ್ಟೋವೊಲ್ಡ್ ಎಂಬ ಕಲ್ಪಿತ ವಿದ್ವಾಂಸರ ಪ್ರಮಾಣಗ್ರಂಥವನ್ನು ಅಧ್ಯಕ್ಷರು ಆಗಾಗ ಉಲ್ಲೇಖಿಸಿದರೆ, ಆ ಗ್ರಂಥವನ್ನು ತಾವೂ ಬಲ್ಲವರಂತೆ ಸಭಿಕರು ತಲೆದೂಗಿದರು. ಎಂಬತ್ತರ ದಶಕದಲ್ಲಿ, ದೂರದರ್ಶನದ ವಿಜ್ಞಾನ ಕಾರ್ಯಕ್ರಮದಿಂದ ಹೆಸರಾಗಿದ್ದ ರೇಮಂಡ್ ಬ್ಯಾಕ್ಸ್‌ಟರ್ ತಮ್ಮ ಸಹಜವಾದ ವಿಶ್ವಸನೀಯ ಕಂಠದಲ್ಲಿ ಆಟದ ಇತಿಹಾಸವನ್ನು ಬಾನುಲಿಯಲ್ಲಿ ನಿರೂಪಿಸಿದರು. ೨೦೦೫ರಲ್ಲಿ ರಾಜಕೀಯ ವರದಿಗಾರ ಆಂಡ್ರೂ ಮಾರ್ ಅದೇ ಶ್ರದ್ಧೆಯಿಂದ ಅದರ ಮೂಲವನ್ನು ಅರಸಿ ಹೊರಟರು. ತಿಳಿಯದವನನ್ನು ಈ ಆಟ ಹೊರಗಿಡುವುದಿಲ್ಲ; ತಿಳಿದವನೆಂದೇ ಗಣಿಸಿ ಒಳಕ್ಕೆ ಕರೆದುಕೊಳ್ಳುತ್ತದೆ. ಇಂಥ ಔದಾರ್ಯ ನಿಜವಾದ ಶಾಸ್ತ್ರಗಳಲ್ಲಿ ವಿರಳ.

ನಿಲ್ದಾಣದ ವಿಚಾರವನ್ನೂ ಹೇಳದೆ ಬಿಡಲಾಗದು. ಲೆಸ್ಲಿ ಗ್ರೀನ್ ರೂಪಿಸಿದ ಕೆನ್ನೆತ್ತರು ಬಣ್ಣದ ಹೊಳಪು ಹೆಂಚಿನ ಮುಖವುಳ್ಳ ಆ ಕಟ್ಟಡ ತೆರೆದುದು ೧೯೦೭ರ ಜೂನ್ ೨೨ರಂದು; ಹೆಸರು ಬಂದುದು ಪಕ್ಕದಲ್ಲಿಯೇ ಅರ್ಧಚಂದ್ರಾಕಾರವಾಗಿ ಬಾಗಿರುವ ಬೀದಿಯಿಂದ. ಆ ಬೀದಿಗೆ ಮಾರ್ನಿಂಗ್‌ಟನ್ ಅರ್ಲ್ ಪದವಿಯ ವೆಲ್ಲೆಸ್ಲಿ ಮನೆತನದ ಹೆಸರಿಟ್ಟರು. ೧೭೯೯ರಲ್ಲಿ ಶ್ರೀರಂಗಪಟ್ಟಣದ ಮೇಲೆ ಸೈನ್ಯ ಕಳುಹಿಸಿದ ಗವರ್ನರ್ ಜನರಲ್ ಮಾರ್ನಿಂಗ್‌ಟನ್ ಆ ಮನೆತನದವನೇ, ಟಿಪ್ಪು ಮಡಿದ ಮೇಲೆ ಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಅವನ ತಮ್ಮ. ನಮ್ಮ ನಾಡಿಗೆ ಅಷ್ಟು ಕಹಿಯಾದ ಹೆಸರು ಅವರ ನಾಡಿನಲ್ಲಿ ನಿರುಪದ್ರವಿಯಾದ ನಗೆಯ ಸಂಕೇತವಾಗಿ ಪರಿಣಮಿಸಿದೆ.

ಲಿಫ್ಟುಗಳ ದುರಸ್ತಿಗೆಂದು ೧೯೯೨ರ ಅಕ್ಟೋಬರಿನಲ್ಲಿ ಮುಚ್ಚಿದ ನಿಲ್ದಾಣ ವರ್ಷಗಟ್ಟಲೆ ತೆರೆಯಲಿಲ್ಲ. ಮತ್ತೆಂದೂ ತೆರೆಯದೆಂಬ ಭಯವೂ ಹುಟ್ಟಿತು. ಅದನ್ನು ಉಳಿಸಬೇಕೆಂಬ ಕೂಗಿಗೆ ಈ ಆಟದ ಖ್ಯಾತಿ ಬಲವಾಗಿ ಒದಗಿತು. ೧೯೯೮ರ ಏಪ್ರಿಲ್ ೨೭ರಂದು ಬಾಗಿಲು ತೆರೆದಾಗ ಸಮಾರಂಭಕ್ಕೆ ಬಂದವರು ಬಾನುಲಿಯ ಆಟಗಾರರೇ. ಅವರಲ್ಲೊಬ್ಬರಾಗಿದ್ದ ವಿಲಿ ರಷ್ಟನ್ ೧೯೯೬ರಲ್ಲಿ ತೀರಿಕೊಂಡಿದ್ದರು. ೨೦೦೨ರಲ್ಲಿ ಅವರ ಸ್ಮಾರಕಫಲಕವನ್ನು ಆ ನಿಲ್ದಾಣದಲ್ಲಿಯೇ ಇರಿಸಿದರು.

ಲಿಟಲ್‌ಟನ್ ೨೦೦೮ರ ಏಪ್ರಿಲ್ ೨೫ರಂದು ಗತಿಸಿದಾಗ ಕಾರ್ಯಕ್ರಮವೂ ಅವರೊಡನೆ ನಿಲ್ಲುವುದೆಂದು ಅನೇಕರು ಬಗೆದಿದ್ದರು. ಮರುವರ್ಷ ಮೂವರು ಸರದಿಯಂತೆ ಪೀಠದಲ್ಲಿ ಕುಳಿತು ನೋಡಿದ ಮೇಲೆ ಅದು ಜ್ಯಾಕ್ ಡೀ ಅವರಿಗೆ ಸೇರಿತು. ಅವರು ಹಿಂದಿನವರನ್ನು ಅನುಕರಿಸಲು ಹೋಗದೆ, ಜೋಲುಮುಖದ ತಮ್ಮದೇ ಗಾಂಭೀರ್ಯವನ್ನು ಆಟಕ್ಕೆ ತಂದರು. ಆಟ ಅದನ್ನೂ ಒಪ್ಪಿಕೊಂಡಿತು.